ಜಪಾನಿನ ಚಿಲ್ಲರೆ ಕಾಸಿಗೆ ಹೊಸ ಚಿತ್ರ ಬರೆಯೋದಾದ್ರೆ

ಐದು ಯೆನ್ ನಾಣ್ಯವನ್ನು ಮೊದಲ ಸಲ ಕೈಗೆ ತೆಗೆದುಕೊಂಡವರಿಗೆ ಅದು ಐದು ಅಂತ ಗೊತ್ತಾಗುವುದೇ ಇಲ್ಲ. ಹಿತ್ತಾಳೆ ಬಣ್ಣ, ನಡುವೆ ತೂತು, ಸುತ್ತ ಏನೋ ಗೆರೆಗಳು, ಒಂದಷ್ಟು ಜಪಾನಿ ಅಕ್ಷರ, ಅಷ್ಟೇ. ಹುಡುಕಿದರೂ ಅಂಕಿ ಸಿಗುವುದಿಲ್ಲ. ಈಗ ಜಪಾನಿನಲ್ಲಿ ದಿನಬಳಕೆಗೆ ಇರುವುದು 1, 5, 10, 50, 100 ಮತ್ತು 500 ಯೆನ್ ಹೀಗೆ ಆರು ನಾಣ್ಯಗಳು. ಉಳಿದ ಐದರ ಮೇಲೂ ಬೆಲೆ ಅಂಕಿಯಲ್ಲಿದೆ, ಇದೊಂದರ ಮೇಲೆ ಬರೀ ಅಕ್ಷರದಲ್ಲಿದೆ.

ಒಸಾಕಾದಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ರಜೆಗೆ ಬಂದಾಗ ಈ ಆರನ್ನೂ ತಂದುಕೊಟ್ಟಿದ್ದ. ಅಜ್ಜಿ ಆ ಐದರದ್ದನ್ನು ಬೆರಳಲ್ಲಿ ಹಿಡಿದು "ಇದು ನಮ್ಮ ತೂತು ಕಾಸಲ್ವೇನೋ?" ಅಂದರು. ಬ್ರಿಟಿಷರ ಕಾಲದ ಕೊನೆಯಲ್ಲಿ, 1943ರಿಂದ 1947ರವರೆಗೆ, ನಮ್ಮಲ್ಲೂ ನಡುವೆ ತೂತಿದ್ದ ಕಾಸು ಬಂದಿತ್ತಲ್ಲ, ಅದು ನೆನಪಾಗಿತ್ತು ಅವರಿಗೆ. ಆರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ನೋಡುತ್ತಾ ಕೂತಾಗ ನನಗೊಂದು ಹುಚ್ಚು ಆಸೆ ಹುಟ್ಟಿತು. ಇವಕ್ಕೆಲ್ಲ ಹೊಸ ಚಿತ್ರ ಬರೆಯುವ ಕೆಲಸ ನನಗೆ ಸಿಕ್ಕಿದರೆ ಏನು ಬರೆಯಬಹುದು?

ಆಸೆ ಸುಲಭ, ಕೆಲಸ ಅಲ್ಲ. ಪೆನ್ಸಿಲ್ ಹಿಡಿಯುವ ಮೊದಲೇ ತಲೆಗೆ ಬಂದ ಪ್ರಶ್ನೆ ಇದು: ನಾಣ್ಯವನ್ನು ಯಾರು 'ನೋಡುತ್ತಾರೆ'? ಜಪಾನಿನಲ್ಲಿ ಮನುಷ್ಯರ ಕಣ್ಣಿಗಿಂತ ಜಾಸ್ತಿ ಅದನ್ನು ಪರೀಕ್ಷೆ ಮಾಡುವುದು ಮೆಷಿನ್‌ಗಳು. ಬೀದಿ ಬೀದಿಗೂ ತಂಪು ಪಾನೀಯ ಮಾರುವ ಮೆಷಿನ್, ಸ್ಟೇಷನ್‌ನಲ್ಲಿ ಟಿಕೆಟ್ ಮೆಷಿನ್, ಬಸ್ಸಿನಲ್ಲಿ ಡ್ರೈವರ್ ಪಕ್ಕದ ದುಡ್ಡಿನ ಡಬ್ಬಿ. ಇವು ಸಾಮಾನ್ಯವಾಗಿ ಚಿತ್ರ ನೋಡಿ ನಾಣ್ಯ ಗುರುತಿಸುವುದಿಲ್ಲ. ನಾಣ್ಯ ಒಳಗೆ ಜಾರುವಾಗ ಅದರ ಅಗಲ ಎಷ್ಟು, ದಪ್ಪ ಎಷ್ಟು, ಯಾವ ಲೋಹ ಅನ್ನುವುದನ್ನು ಕಾಂತದ ಸುರುಳಿಗಳಿಂದ ಅಳೆದು, ಲೆಕ್ಕ ಕೂಡಿದರೆ ಒಪ್ಪುತ್ತವೆ, ಇಲ್ಲವಾದರೆ ಕೆಳಗೆ ಉಗುಳುತ್ತವೆ. ಹಾಗಾಗಿ ಮೇಲಿನ ಹೂವು ತೆಗೆದು ಹಣ್ಣು ಹಾಕಿದರೆ ಮೆಷಿನ್‌ಗೆ ಹೆಚ್ಚುಕಮ್ಮಿ ಗೊತ್ತೇ ಆಗುವುದಿಲ್ಲ. ಅದೇ ಲೋಹ ಬದಲಾಯಿಸಿದಿರೋ, ದೇಶದ ತುಂಬ ಇರುವ ಮೆಷಿನ್‌ಗಳನ್ನೆಲ್ಲ ಬಿಚ್ಚಬೇಕು.

ಇದು ಎಂಥ ತಲೆನೋವು ಅಂತ 500 ಯೆನ್ ಕಥೆ ಕೇಳಿದರೆ ಗೊತ್ತಾಗುತ್ತದೆ. 500ರ ನೋಟಿನ ಜಾಗಕ್ಕೆ ಈ ನಾಣ್ಯ ಬಂದದ್ದು 1982ರಲ್ಲಿ. ತಾಮ್ರ ಮತ್ತು ನಿಕ್ಕಲ್ ಬೆರಕೆ, 26.5 ಮಿಲಿಮೀಟರ್ ಅಗಲ, 7.2 ಗ್ರಾಂ ತೂಕ. ಅದೇ ವರ್ಷ ದಕ್ಷಿಣ ಕೊರಿಯಾ ತನ್ನ 500 ವಾನ್ ನಾಣ್ಯ ತಂದಿತು. ಅದೂ ತಾಮ್ರ-ನಿಕ್ಕಲ್, ಅದೂ 26.5 ಮಿಲಿಮೀಟರ್, ತೂಕ ಮಾತ್ರ 7.7 ಗ್ರಾಂ. ಬೆಲೆಯಲ್ಲಿ ಮಾತ್ರ ಆಕಾಶಕ್ಕೂ ಭೂಮಿಗೂ ಇರುವ ಅಂತರ, 500 ವಾನ್ ಅಂದರೆ ಸುಮಾರು 50 ಯೆನ್. ಕಳ್ಳರಿಗೆ ಇನ್ನೇನು ಬೇಕು? ಕೊರಿಯಾದ ನಾಣ್ಯಕ್ಕೆ ಅಲ್ಲಲ್ಲಿ ಡ್ರಿಲ್ ಹಾಕಿ ಅರ್ಧ ಗ್ರಾಂ ಕೆರೆದು ತೆಗೆದರೆ ಜಪಾನಿನ ಮೆಷಿನ್ ಅದನ್ನು 500 ಯೆನ್ ಅಂತಲೇ ತೆಗೆದುಕೊಳ್ಳುತ್ತಿತ್ತು. ಒಂದಕ್ಕೆ ಹತ್ತರಷ್ಟು ಲಾಭ. 1990ರ ದಶಕದ ಕೊನೆಯ ಹೊತ್ತಿಗೆ ಈ ಹಾವಳಿ ಎಷ್ಟಾಯಿತೆಂದರೆ 2000ದಲ್ಲಿ ಸರ್ಕಾರ ಲೋಹವನ್ನೇ ಬದಲಾಯಿಸಿತು. ತಾಮ್ರಕ್ಕೆ ನಿಕ್ಕಲ್ ಜೊತೆ ಸತುವನ್ನೂ ಸೇರಿಸಿ, ತೂಕ 7 ಗ್ರಾಂ ಮಾಡಿ, ನಾಣ್ಯ ಸ್ವಲ್ಪ ಹಳದಿ ಬಣ್ಣಕ್ಕೆ ತಿರುಗಿತು.

ಆಮೇಲೆ 2021ರ ನವೆಂಬರ್ 1ಕ್ಕೆ ಮೂರನೆಯ ರೂಪ ಬಂತು. ಇದರ ಹೊರಗಿನ ಬಳೆ ಒಂದು ಲೋಹ, ಒಳಗಿನ ಬಿಲ್ಲೆ ಬೇರೆ. ಆ ಬಿಲ್ಲೆಯೂ ಸ್ಯಾಂಡ್‌ವಿಚ್ ಥರ, ಎರಡು ಬೆಳ್ಳಗಿನ ಪದರದ ನಡುವೆ ತಾಮ್ರ. ಅಂಚಿನಲ್ಲಿ ಓರೆಯಾದ ಗೀರುಗಳು, ಅದರಲ್ಲೂ ಕೆಲವು ಕಡೆ ಬೇಕಂತಲೇ ಬೇರೆ ಥರ ಮಾಡಿದ ಗೀರುಗಳು. 500ರ ಸೊನ್ನೆಗಳ ಒಳಗೆ ಅಕ್ಷರ ಅಡಗಿಸಿಟ್ಟಿದ್ದಾರೆ. ನಾಣ್ಯವನ್ನು ಒಂದು ಕಡೆಗೆ ವಾಲಿಸಿದರೆ 'ಜಪಾನ್' ಅಂತ ಕಾಣುತ್ತದೆ, ಇನ್ನೊಂದು ಕಡೆಗೆ ವಾಲಿಸಿದರೆ '500 ಯೆನ್'. ನನ್ನ ಹತ್ತಿರ ಇರುವುದು ಇದೇ, ಟ್ಯೂಬ್‌ಲೈಟ್ ಕೆಳಗೆ ಐದು ನಿಮಿಷ ತಿರುಗಿಸಿದ ಮೇಲೆ ಕಂಡಿತು, ಕಂಡಾಗ ಚಿಕ್ಕ ಮಕ್ಕಳ ಥರ ಖುಷಿಯಾಯಿತು. ಈ ನಾಣ್ಯ 2021ರ ಮೊದಲರ್ಧದಲ್ಲೇ ಬರಬೇಕಿತ್ತು. ಕೊರೋನಾದಿಂದಾಗಿ ಎಟಿಎಂ, ಮಾರುವ ಮೆಷಿನ್‌ಗಳನ್ನು ಹೊಂದಿಸುವ ಕೆಲಸ ಹಿಂದೆ ಬಿದ್ದು ನವೆಂಬರ್‌ಗೆ ಹೋಯಿತು. ಬಂದ ಮೇಲೂ ಬಹಳ ದಿನ ಎಷ್ಟೋ ಮೆಷಿನ್‌ಗಳು ಹೊಸದನ್ನು ನುಂಗದೆ ಹೊರಗೆ ಹಾಕುತ್ತಿದ್ದವು.

ಇಷ್ಟೆಲ್ಲ ಆದರೂ ಮುಂಬದಿಯ ಚಿತ್ರ ಏನು ಗೊತ್ತಾ? 1982ರಲ್ಲಿ ಇದ್ದ, ಜಪಾನಿನಲ್ಲಿ 'ಕಿರಿ' ಅನ್ನುವ ಮರದ ಎಲೆ ಮತ್ತು ಹೂವೇ. ಇನ್ನೊಂದು ಮುಖದಲ್ಲಿ ಬಿದಿರು ಮತ್ತು ತಾಚಿಬಾನಾ ಅನ್ನುವ ಕಿತ್ತಳೆ ಜಾತಿಯ ಗಿಡ. ಲೋಹ ಎರಡು ಸಲ ಬದಲಾಯಿತು, ಗಿಡ ಮಾತ್ರ ಅಲ್ಲೇ ಇದೆ.

ಮೆಷಿನ್ ಆದ ಮೇಲೆ ಬೆರಳು. ಜೇಬಿನಲ್ಲಿ ಕೈ ಹಾಕಿದಾಗ, ಕತ್ತಲಲ್ಲಿ, ಕಣ್ಣು ಕಾಣದವರಿಗೆ, ನಾಣ್ಯ ಬರೀ ಮುಟ್ಟಿದರೆ ಗೊತ್ತಾಗಬೇಕು. ಜಪಾನಿನ ಆರರಲ್ಲಿ ಈ ವ್ಯವಸ್ಥೆ ಬಹಳ ಚೆನ್ನಾಗಿದೆ ಅನ್ನುವುದು ನನ್ನ ಅಭಿಪ್ರಾಯ. 1 ಯೆನ್ ಎಷ್ಟು ಹಗುರ ಅಂದರೆ ಬೇರೆ ಗುರುತೇ ಬೇಡ. ತೂತಿರುವುದು ಎರಡು, 5 ಮತ್ತು 50. ಅದರಲ್ಲಿ 5ರ ಅಂಚು ನುಣುಪು, 50ರ ಅಂಚಿನಲ್ಲಿ ಗೀರು. ತೂತಿಲ್ಲದ 10 ಮತ್ತು 100 ಅಗಲದಲ್ಲಿ ಒಂದು ಮಿಲಿಮೀಟರೂ ವ್ಯತ್ಯಾಸ ಇಲ್ಲ, 10 ಯೆನ್ 23.5, 100 ಯೆನ್ 22.6. ಆದರೆ 10ರ ಅಂಚು ನುಣುಪು, 100ರದ್ದು ಗೀರು. 500 ದೊಡ್ಡದು, ಅಂಚಿನ ಗೀರು ಓರೆ.

ಇದೆಲ್ಲ ಒಂದೇ ದಿನ ಕೂತು ಪ್ಲಾನ್ ಮಾಡಿದ್ದಲ್ಲ, ಎಡವಿ ಎಡವಿ ಕಲಿತದ್ದು. 1948ರಲ್ಲಿ ಬಂದ 5 ಯೆನ್‌ಗೆ ತೂತೇ ಇರಲಿಲ್ಲ, ಪಾರ್ಲಿಮೆಂಟ್ ಕಟ್ಟಡದ ಚಿತ್ರ ಇತ್ತು. ಆಗ 1 ಯೆನ್ ಕೂಡ ಹಿತ್ತಾಳೆಯದ್ದೇ, ಎರಡೂ ಕಲಸಿಹೋಗುತ್ತಿದ್ದವು. ಮರುವರ್ಷವೇ 5ಕ್ಕೆ ತೂತು ಬಿತ್ತು. 1955ರ 50 ಯೆನ್‌ಗೂ ಇದೇ ಗತಿ. ನಿಕ್ಕಲ್‌ನ ಆ ಬೆಳ್ಳನೆಯ ನಾಣ್ಯ, 1957ರಲ್ಲಿ ಬಂದ ಬೆಳ್ಳಿ ಬೆರಕೆಯ 100 ಯೆನ್, ಎರಡನ್ನೂ ಜನ ಒಂದಕ್ಕೊಂದು ಅಂದುಕೊಂಡು ಬೇಸ್ತು ಬಿದ್ದ ಮೇಲೆ 1959ರಲ್ಲಿ 50ಕ್ಕೂ ತೂತು. 10 ಯೆನ್ ಅಂಚಿನಲ್ಲಿ ಮೊದಲು ಗೀರುಗಳಿದ್ದವು, ಅವನ್ನು 1959ರಿಂದ ತೆಗೆದರು. ಆ ಹಳೆಯ ಗೀರಿನ ಹತ್ತಕ್ಕೆ 'ಗಿಝಾಜೂ' ಅಂತ ಮುದ್ದಿನ ಹೆಸರಿದೆ, ಚಿಲ್ಲರೆಯಲ್ಲಿ ಸಿಕ್ಕರೆ ಈಗಲೂ ಖರ್ಚು ಮಾಡದೆ ಎತ್ತಿಡುವವರಿದ್ದಾರೆ.

ಮೂರನೆಯದು ಅಚ್ಚಿನ ಕಷ್ಟ. ಕಂಪ್ಯೂಟರ್ ಪರದೆ ಮೇಲೆ ನಾಣ್ಯದ ಚಿತ್ರ ಬರೆಯುವವರು, ನಾನೂ ಸೇರಿ, ಮರೆಯುವುದು ಇದನ್ನೇ. ಪರದೆ ಮೇಲೆ ಅದು ಅಂಗೈ ಅಗಲ ಇರುತ್ತದೆ, ನಿಜದಲ್ಲಿ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಬಣ್ಣ ಇಲ್ಲ. ಇರುವುದು ಬರೀ ಉಬ್ಬು ಮತ್ತು ತಗ್ಗು, ಅದೂ ಸುತ್ತಲಿನ ಅಂಚಿಗಿಂತ ಮೇಲೆ ಬರಬಾರದು, ಬಂದರೆ ಒಂದರ ಮೇಲೊಂದು ಪೇರಿಸಲು ಆಗುವುದಿಲ್ಲ, ಮೊದಲು ಸವೆಯುವುದೂ ಚಿತ್ರವೇ. ಎರಡು ಅಚ್ಚುಗಳ ನಡುವೆ ಬಿಲ್ಲೆ ಒತ್ತಿದಾಗ ಲೋಹ ಎರಡೂ ಕಡೆಗೆ ಹರಿದು ತುಂಬಿಕೊಳ್ಳಬೇಕು. ಈ ಮುಖದಲ್ಲಿ ಎಲ್ಲಿ ಜಾಸ್ತಿ ಉಬ್ಬು ಇದೆಯೋ ಆ ಮುಖದಲ್ಲೂ ಅಲ್ಲೇ ಜಾಸ್ತಿ ಉಬ್ಬು ಇಟ್ಟರೆ, ತುಂಬಲು ಲೋಹ ಸಾಲದೆ ಚಿತ್ರ ಅರ್ಧಂಬರ್ಧ ಮೂಡುತ್ತದೆ. ಅಂದರೆ ಎರಡು ಮುಖಗಳನ್ನು ಬೇರೆ ಬೇರೆ ಬರೆಯುವ ಹಾಗಿಲ್ಲ, ಒಟ್ಟಿಗೇ ಯೋಚಿಸಬೇಕು. ತೂತಿದ್ದರೆ ಇನ್ನೂ ಕಷ್ಟ, ಚಿತ್ರದ ಮುಖ್ಯ ಜಾಗವೇ ಮಾಯ.

5 ಯೆನ್ ನೋಡಿ, ಆ ತೂತನ್ನು ಎಷ್ಟು ಜಾಣತನದಿಂದ ಬಳಸಿಕೊಂಡಿದ್ದಾರೆ. ತೂತಿನ ಸುತ್ತ ಹಲ್ಲು ಹಲ್ಲಿನ ಚಕ್ರ, ಅದು ಕೈಗಾರಿಕೆ. ಮೇಲಿಂದ ಬಾಗಿದ ಭತ್ತದ ತೆನೆ, ಬೇಸಾಯ. ಕೆಳಗೆ ಅಡ್ಡಡ್ಡ ಗೆರೆಗಳು ನೀರು, ಅಂದರೆ ಮೀನುಗಾರಿಕೆ. ಹಿಂದಿನ ಮುಖದಲ್ಲಿ ಎರಡೆಲೆಯ ಮೊಳಕೆಗಳು. ಯುದ್ಧದಲ್ಲಿ ಸೋತು ಮಣ್ಣಾಗಿದ್ದ ದೇಶ 1949ರಲ್ಲಿ ತಾನು ಏನು ಮಾಡಿ ಬದುಕಬೇಕು ಅಂದುಕೊಂಡಿತ್ತೋ ಅದೆಲ್ಲ 22 ಮಿಲಿಮೀಟರ್ ಒಳಗೆ ಬಂದಿದೆ.

ಮುಖ ಯಾಕಿಲ್ಲ ಅಂತ ಕೇಳಬಹುದು. ನೋಟುಗಳ ಮೇಲೆ ಇವೆಯಲ್ಲ, 2024ರ ಜುಲೈನಲ್ಲಿ ಬಂದ ಹೊಸ ನೋಟುಗಳಲ್ಲಿ ಉದ್ಯಮಿ ಶಿಬುಸಾವಾ ಎಯಿಚಿ, ಶಿಕ್ಷಣತಜ್ಞೆ ತ್ಸುದಾ ಉಮೆಕೊ, ವಿಜ್ಞಾನಿ ಕಿತಾಸಾತೊ ಶಿಬಾಸಬುರೊ ಇದ್ದಾರೆ. ನಾಣ್ಯದ ಮೇಲೆ ಯಾರೂ ಇಲ್ಲ, ಚಕ್ರವರ್ತಿಯೂ ಇಲ್ಲ. ಇದರ ಹಿಂದೆ ಹಳೆಯ ಪ್ರಸಂಗವೊಂದಿದೆ. 1871ರಲ್ಲಿ ಒಸಾಕಾದ ಟಂಕಸಾಲೆ ಶುರುವಾದಾಗ ಅದನ್ನು ನಡೆಸಲು ಬಂದವನು ಥಾಮಸ್ ಕಿಂಡರ್ ಅನ್ನುವ ಬ್ರಿಟಿಷ್ ಅಧಿಕಾರಿ, ಯಂತ್ರಗಳೂ ಹಾಂಗ್‌ಕಾಂಗಿನಲ್ಲಿ ಮುಚ್ಚಿಹೋಗಿದ್ದ ಟಂಕಸಾಲೆಯವು. ಯುರೋಪಿನ ರೂಢಿಯಂತೆ ಚಕ್ರವರ್ತಿಯ ಮುಖ ಹಾಕೋಣ ಅಂದ ಅವನು. ಚಕ್ರವರ್ತಿಯ ಮುಖವನ್ನು ಕಂಡಕಂಡವರ ಕೈಯಲ್ಲಿ ಉಜ್ಜಿಸುವುದು ಅವಮರ್ಯಾದೆ ಅಂತ ಅಲ್ಲಿನವರು ಒಪ್ಪಲಿಲ್ಲ. ಬದಲಿಗೆ ಡ್ರ್ಯಾಗನ್ ಬಂತು. ಅದನ್ನು ಕೆತ್ತಿದವನು ಕಾನೊ ನಾತ್ಸುವೊ, ಕತ್ತಿಯ ಹಿಡಿಗಳ ಲೋಹದ ಕುಸುರಿಯಲ್ಲಿ ಪಳಗಿದ ಕೈ. ಅಚ್ಚನ್ನು ಇಂಗ್ಲೆಂಡಿನಲ್ಲಿ ಮಾಡಿಸಬೇಕು ಅಂತ ಇದ್ದವರು ಅವನ ಕೆಲಸ ನೋಡಿ ಇಲ್ಲೇ ಆಗಲಿ ಅಂದರಂತೆ.

ಇನ್ನೊಂದು ಸಂಗತಿ, ಇಸವಿ. ಜಪಾನಿ ನಾಣ್ಯದ ಮೇಲೆ 2021 ಅಂತ ಇರುವುದಿಲ್ಲ, 'ರೇವಾ 3' ಅಂತ ಇರುತ್ತದೆ, ಚಕ್ರವರ್ತಿಯ ಕಾಲದ ಲೆಕ್ಕ. ಶೋವಾ ಆದರೆ 1925 ಕೂಡಿ, ಹೇಸೇ ಆದರೆ 1988, ರೇವಾ ಆದರೆ 2018, ನಮ್ಮ ಇಸವಿ ಸಿಗುತ್ತದೆ. 1, 5, 10ರ ಮೇಲೆ ಈ ವರ್ಷವನ್ನೂ ಜಪಾನಿ ಅಕ್ಷರದಲ್ಲೇ ಬರೆದಿದ್ದಾರೆ, 50ರಿಂದ ಮೇಲೆ ಅಂಕಿಯಲ್ಲಿ. ಶೋವಾ ಕಾಲದ ಚಕ್ರವರ್ತಿ ಹಿರೊಹಿಟೊ 1989ರ ಜನವರಿ 7ಕ್ಕೆ ತೀರಿಕೊಂಡದ್ದರಿಂದ 'ಶೋವಾ 64' ಅನ್ನುವ ವರ್ಷ ಇದ್ದದ್ದು ಏಳೇ ದಿನ, ಆದರೂ ಆ ವರ್ಷ ಹೊತ್ತ ನಾಣ್ಯಗಳಿವೆ. ಚಕ್ರವರ್ತಿಯ ಮುಖ ಇಲ್ಲದಿದ್ದರೂ ಅವನ ಕಾಲ ಪ್ರತಿ ನಾಣ್ಯದ ಮೇಲೂ ಇದೆ, ಯೋಚಿಸಿದರೆ ತಮಾಷೆಯಾಗಿದೆ. ಅಂದಹಾಗೆ, ವರ್ಷ ಇರುವ ಮುಖವನ್ನೇ ಟಂಕಸಾಲೆಯವರು ರೂಢಿಯಲ್ಲಿ 'ಹಿಂಬದಿ' ಅನ್ನುತ್ತಾರೆ.

ಸರಿ, ನಿಯಮ ಸಾಕು, ಈಗ ಪೆನ್ಸಿಲ್. ಅಗಲ, ತೂಕ, ಲೋಹ, ತೂತು, ಅಂಚು ಯಾವುದನ್ನೂ ನಾನು ಮುಟ್ಟುವುದಿಲ್ಲ. ಮುಖ ಹಾಕುವುದಿಲ್ಲ. ಫೂಜಿ ಬೆಟ್ಟ, ಸಮುರಾಯಿ, ಕೈ ಬೀಸುವ ಬೆಕ್ಕು ಇವೂ ಬೇಡ. ಅವೆಲ್ಲ ಪ್ರವಾಸಿಗರ ಅಂಗಡಿಯಲ್ಲಿ ಫ್ರಿಜ್ ಮೇಲೆ ಅಂಟಿಸುವ ಬಿಲ್ಲೆಗೆ ಚೆನ್ನ, ದಿನಾ ಬೆಳಿಗ್ಗೆ ಬಸ್ಸಿಗೆ ಹಾಕುವ ದುಡ್ಡಿಗಲ್ಲ.

100 ಯೆನ್‌ನ ಚೆರ್ರಿ ಹೂವನ್ನು ಬಿಟ್ಟುಬಿಡುತ್ತೇನೆ. 1967ರಿಂದ ಇದೆ, ಗಟ್ಟಿಯಾದ ಸರಳ ಆಕಾರ, ಸವೆದರೂ ಹೂವು ಹೂವಾಗಿಯೇ ಕಾಣುತ್ತದೆ. ಒಸಾಕಾದ ಟಂಕಸಾಲೆಯ ಆವರಣದಲ್ಲೇ ಚೆರ್ರಿ ಮರಗಳ ಸಾಲಿದೆ, 1883ರಿಂದ ವಸಂತದಲ್ಲಿ ಕೆಲವು ದಿನ ಜನರಿಗೆ ಅದರ ನಡುವೆ ಓಡಾಡಲು ಗೇಟು ತೆರೆಯುತ್ತಾರೆ. ಅವರದೇ ಅಂಗಳದ ಹೂವನ್ನು ಕಿತ್ತುಹಾಕಲು ನಾನ್ಯಾರು? 500ಕ್ಕೂ ಈಗ ಕೈ ಹಾಕುವುದಿಲ್ಲ, ಪಾಪ, ಈಗಷ್ಟೇ ಸುಧಾರಿಸಿಕೊಳ್ಳುತ್ತಿದೆ.

50ರಲ್ಲಿ ಸೇವಂತಿಗೆ ಇದೆ. ಈಗಿನ ಚಿತ್ರದಲ್ಲಿ ಹೂಗಳು ಒಂದು ಕಡೆ, ತೂತು ಇನ್ನೊಂದು ಕಡೆ, ಒಂದಕ್ಕೊಂದು ಪರಿಚಯವೇ ಇಲ್ಲದವರ ಹಾಗೆ ಕೂತಿವೆ. ಸೇವಂತಿಗೆಯನ್ನು ಮೇಲಿನಿಂದ ನೋಡಿದ ಹಾಗೆ ಬರೆದು, ತೂತನ್ನೇ ಹೂವಿನ ನಡುವಿನ ಮೊಗ್ಗು ಮಾಡಿದರೆ ಎಷ್ಟು ಚಂದ! ಖುಷಿಯಿಂದ ಬರೆದುಕೊಂಡ ಮೇಲೆ ಗೊತ್ತಾಯಿತು, 1959ರ ಹಳೆಯ 50 ಯೆನ್‌ನಲ್ಲಿ ಇದನ್ನು ಆಗಲೇ ಮಾಡಿದ್ದಾರೆ. ಇರಲಿ, ಹಳೆಯದನ್ನೇ ವಾಪಸ್ ತರುತ್ತೇನೆ. ಅರಮನೆಯ ಲಾಂಛನದಲ್ಲಿ ಹದಿನಾರು ದಳದ ಸೇವಂತಿಗೆ ಇದೆಯಲ್ಲ, ಅದರ ಹಾಗೆ ಕಾಣದಂತೆ ಕಾಡುಸೇವಂತಿಗೆಯ ಥರ ದಳಗಳನ್ನು ಸ್ವಲ್ಪ ಕೆದರಿ ಬಿಡುತ್ತೇನೆ.

10 ಯೆನ್ ಬಗ್ಗೆ ಬೈಗುಳ ತಿನ್ನಲು ತಯಾರಿದ್ದೇನೆ. ಅದರ ಮೇಲಿರುವುದು ಉಜಿ ಊರಿನ ಬ್ಯೋದೊಯಿನ್ ದೇವಾಲಯ, 1053ರಲ್ಲಿ ಕಟ್ಟಿದ್ದು. ಚಿತ್ರ ಅದ್ಭುತ, ಒಪ್ಪುತ್ತೇನೆ. ಆದರೆ ಅಷ್ಟು ಸಣ್ಣ ಕಂಚಿನ ಬಿಲ್ಲೆಯ ಮೇಲೆ ಅಷ್ಟೊಂದು ಕಂಬ, ಮಾಡು, ಮೆಟ್ಟಿಲು. ಹತ್ತಾರು ವರ್ಷ ಕೈ ಬದಲಾಯಿಸಿದ ನಾಣ್ಯದಲ್ಲಿ ಅದೆಲ್ಲ ಕರಗಿ, ಮಳೆಯಲ್ಲಿ ನಿಂತ ಮಬ್ಬು ಮನೆಯ ಹಾಗಾಗುತ್ತದೆ. ಆ ದೇವಾಲಯದ ಮಾಡಿನ ಮೇಲೆ ಒಂದು ಜೋಡಿ ಹೋ-ಓ ಪಕ್ಷಿಗಳಿವೆ, ಪುರಾಣದ ಹಕ್ಕಿ. ಹಿಂದಿನ 10,000 ಯೆನ್ ನೋಟಿನ ಹಿಂಬದಿಯಲ್ಲಿ ಅಲ್ಲಿನ ಹಕ್ಕಿಯೇ ಇತ್ತು, 2024ರ ನೋಟಿನಲ್ಲಿ ಆ ಜಾಗಕ್ಕೆ ಟೋಕಿಯೋ ರೈಲು ನಿಲ್ದಾಣ ಬಂದಿದೆ. ನೋಟಿನಿಂದ ಹಾರಿಹೋದ ಹಕ್ಕಿಯನ್ನು ಹತ್ತು ಯೆನ್ ಮೇಲೆ ಇಳಿಸೋಣ. ಒಂದೇ ಆಕಾರ, ಬಿಚ್ಚಿದ ರೆಕ್ಕೆ, ಎಷ್ಟು ಸವೆದರೂ ಹಕ್ಕಿ ಅಂತ ಗೊತ್ತಾಗುತ್ತದೆ, ಉಜಿಯ ನಂಟೂ ತಪ್ಪುವುದಿಲ್ಲ.

5ಕ್ಕೆ ಒಂದು ಅಂಕಿ ಬೇಕು, ಅಷ್ಟೇ. ಹಿಂಬದಿಯ ಒಂದು ಮೊಳಕೆ ತೆಗೆದರೆ ಅಲ್ಲಿ '5' ಕೂರುತ್ತದೆ. 'ಗೊ-ಎನ್' ಅನ್ನುವ ಅಕ್ಷರ ಮಾತ್ರ ಅಲುಗಾಡಬಾರದು. ಯಾಕೆಂದರೆ 'ಗೊ-ಎನ್' ಅಂದರೆ ಐದು ಯೆನ್, ಹಾಗೇ ಕೇಳಿಸುವ ಇನ್ನೊಂದು ಪದಕ್ಕೆ ನಂಟು, ಋಣಾನುಬಂಧ ಅನ್ನುವ ಅರ್ಥ. ಅದಕ್ಕೇ ಜನ ಗುಡಿಯ ಹುಂಡಿಗೆ ಐದು ಯೆನ್ ಹಾಕಿ ಕೈ ಮುಗಿಯುತ್ತಾರೆ. ಆದರೆ 2022ರಿಂದ ಅಂಚೆ ಬ್ಯಾಂಕು ರಾಶಿ ಚಿಲ್ಲರೆ ಕಟ್ಟಲು ಶುಲ್ಕ ಹಾಕತೊಡಗಿ, ಇದೇ ಐದರ ರಾಶಿ ಎಷ್ಟೋ ಗುಡಿಗಳಿಗೆ ತಲೆಭಾರ ಆಗಿದೆ.

ಕೊನೆಗೆ ನನ್ನ ಮುದ್ದಿನ 1 ಯೆನ್. ಅಪ್ಪಟ ಅಲ್ಯೂಮಿನಿಯಂ, ಸರಿಯಾಗಿ 1 ಗ್ರಾಂ, ಅಡ್ಡಗಲ ಸರಿಯಾಗಿ 2 ಸೆಂಟಿಮೀಟರ್. ಲೋಟದ ನೀರಿನ ಮೇಲೆ ಮೆಲ್ಲಗೆ ಮಲಗಿಸಿದರೆ ಮುಳುಗದೆ ನಿಲ್ಲುತ್ತದೆ, ಮಾಡಿ ನೋಡಿದೆ. 1955ರಲ್ಲಿ ಬಂದ ಇದರ ಚಿತ್ರವನ್ನು ಸಾರ್ವಜನಿಕರಿಂದಲೇ ಕರೆದು ಆರಿಸಿದ್ದರು. ಒಂದು ಮುಖ ಒಬ್ಬರದ್ದು, ಇನ್ನೊಂದು ಮುಖ ಮತ್ತೊಬ್ಬರದ್ದು. ಹಾಗಾಗಿ ನನ್ನಂಥವರು ಕೂತು ಗೀಚುವುದಕ್ಕೂ ಒಂದು ಪರಂಪರೆ ಇದೆ ಅನ್ನಿ! ಗೆದ್ದದ್ದು ಒಂದು ಎಳೆಯ ಗಿಡ. ಯಾವ ಜಾತಿಯದ್ದೂ ಅಲ್ಲ, ಬೆಳೆಯುತ್ತಿರುವ ಜಪಾನಿನ ಗುರುತು ಅಷ್ಟೇ.

ಅಂದಿನಿಂದ ಅದು ಎಳೆಯ ಗಿಡವಾಗಿಯೇ ಇದೆ. ಹೇಗಿದ್ದರೂ ಪ್ರತಿ ವರ್ಷ ಇಸವಿ ಬದಲಾಗುತ್ತದೆ, ಹೊಸ ಅಚ್ಚು ಮಾಡಲೇಬೇಕು. ಆಗ ಗಿಡಕ್ಕೆ ಒಂದು ಎಲೆ ಜಾಸ್ತಿ ಮಾಡಿದರೆ? ಮುಂದಿನ ವರ್ಷ ಇನ್ನೊಂದು ಎಲೆ, ಕೆಲವು ವರ್ಷ ಕಳೆದು ಒಂದು ಕೊಂಬೆ. ಹುಟ್ಟಿದ ವರ್ಷದ ಗಿಡ ಎಷ್ಟೆತ್ತರ ಇತ್ತು ಅಂತ ಮಕ್ಕಳು ಚಿಲ್ಲರೆ ಡಬ್ಬಿಯಲ್ಲಿ ಹುಡುಕಬಹುದು. ಅಗಲ, ತೂಕ ಅದೇ, ಮೆಷಿನ್ ಚಕಾರ ಎತ್ತುವುದಿಲ್ಲ, ಬೆರಳಿಗೂ ತೊಂದರೆ ಇಲ್ಲ.

ತೊಂದರೆ ಬೇರೆ ಕಡೆ ಇದೆ. ಜನ ಫೋನು, ಕಾರ್ಡಿನಲ್ಲೇ ದುಡ್ಡು ಕೊಡಲು ಶುರು ಮಾಡಿದ ಮೇಲೆ ಒಂದು ಯೆನ್ ಕೇಳುವವರು ಕಡಿಮೆಯಾಗಿದ್ದಾರೆ. 2016ರಿಂದ ಎಷ್ಟೋ ವರ್ಷ ಇದನ್ನು ಚಲಾವಣೆಗೆ ಅಂತ ಅಚ್ಚು ಹಾಕಿಯೇ ಇಲ್ಲ, ನಾಣ್ಯ ಸಂಗ್ರಹಿಸುವವರು ಕೊಳ್ಳುವ ಪೆಟ್ಟಿಗೆಗಳಿಗೆ ಬೇಕಾದಷ್ಟು ಮಾತ್ರ ಮಾಡಿದ್ದಾರೆ. ಗೆಳೆಯ ತಂದುಕೊಟ್ಟ ಒಂದು ಯೆನ್ ತಿರುಗಿಸಿ, ಅಕ್ಷರಗಳನ್ನು ಅವನ ಹತ್ತಿರ ಓದಿಸಿದೆ. ಶೋವಾ 55 ಅಂದ. 1925 ಕೂಡಿದರೆ 1980. ನನ್ನ ಲೆಕ್ಕದ ಪ್ರಕಾರ ಆ ಗಿಡಕ್ಕೆ ಆಗಲೇ ಇಪ್ಪತ್ತೈದು ಎಲೆ ಜಾಸ್ತಿ ಇರಬೇಕಿತ್ತು.